ಎರಡು ವರ್ಷದ ಆಷಾಢ

ಮೈಸೂರಿನಲ್ಲಿ ನನ್ನ ಅಕ್ಕನ ಮನೆಯ ಬೀರುವಿನಲ್ಲಿ ಎರಡು ಕಾಗದಗಳಿವೆ. ಮಗನ ಕಾಗದದ ಒಕ್ಕಣೆ: ಈತ ಭಾರತಕ್ಕೆ ಮರಳದಿದ್ದರೂ ಸರ್ಕಾರದ ಆಕ್ಷೇಪವಿಲ್ಲ. ಮಗಳ ಕಾಗದದ ಒಕ್ಕಣೆ: ಈಕೆ ಕಲಿಯಲಿರುವ ವೈದ್ಯಶಾಖೆಯ ತಜ್ಞರು ಭಾರತಕ್ಕೆ ಬೇಕಾಗಿದ್ದಾರೆ, ಕಲಿತು ಮರಳುವುದಾಗಿ ಈಕೆ ಮುಚ್ಚಳಿಕೆ ಬರೆದುಕೊಟ್ಟಿದ್ದಾಳೆ. ಎರಡರ ಮೇಲೂ ಅವೇ ಸಿಂಹಗಳು. ಬೇಡವಾದವನು ಬಾಸ್ಟನ್ನಿನಲ್ಲಿದ್ದಾನೆ. ಬೇಕಾದವಳು ಕನ್ಸಾಸ್‌ನಲ್ಲಿದ್ದಾಳೆ. ಸಿಂಹಗಳು ಮಾತ್ರ ಬೀರುವಿನಲ್ಲಿ, ನುಸಿಗುಳಿಗೆಯ ಪಕ್ಕದಲ್ಲಿ.

ಇದೆಲ್ಲ ಜೆ-1 ವೀಸಾದ ಮಹಿಮೆ. ಬನ್ನಿ, ಕಲಿಯಿರಿ, ಊರಿಗೆ ಹೋಗಿ ನಮ್ಮ ಗುಣಗಾನ ಮಾಡಿ ಎಂಬ ಉದಾರ ಮನಸ್ಸಿನಿಂದ ಅಮೆರಿಕ 1961ರಲ್ಲಿ ಮಾಡಿದ ಕಾಯ್ದೆಯ ಕೂಸು. ಈ ವೀಸಾದಲ್ಲಿ ಹೋದವರು ಸರ್ಕಾರದ ಹಣದಲ್ಲಿ ಕಲಿತಿದ್ದರೆ, ಅಥವಾ ತಾಯ್ನಾಡಿಗೆ ಬೇಕಾದ ವಿದ್ಯೆಗಳ ಪಟ್ಟಿಯಲ್ಲಿ ಅವರ ವಿದ್ಯೆ ಇದ್ದರೆ, ಅಥವಾ ವೈದ್ಯ ತರಬೇತಿ ಪಡೆದಿದ್ದರೆ, ಎರಡು ವರ್ಷ ತಾಯ್ನಾಡಿನಲ್ಲಿ ಕಳೆಯಬೇಕು. ಅಲ್ಲಿಯವರೆಗೆ ದುಡಿಯಲು ಎಚ್-1ಬಿ ವೀಸಾ ಇಲ್ಲ, ನೆಲೆಸಲು ಗ್ರೀನ್ ಕಾರ್ಡ್ ಇಲ್ಲ.

ನಮ್ಮವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಅಟ್ಟುತ್ತೇವಲ್ಲ, ಅದೇ. ನಮ್ಮ ಅತ್ತೆಯರ ಆಷಾಢ ಒಂದು ತಿಂಗಳು, ಅಮೆರಿಕದ ಅತ್ತೆಯದು ಇಪ್ಪತ್ತನಾಲ್ಕು. ಕಂತಿನಲ್ಲಿ ಕಳೆದರೂ ನಡೆಯುತ್ತದೆ, ಆದರೆ ತವರಿನಲ್ಲೇ ಕಳೆಯಬೇಕು. ದುಬೈಯ ಚಿಕ್ಕಮ್ಮನ ಮನೆಯಲ್ಲಿದ್ದ ದಿನಗಳು ಲೆಕ್ಕಕ್ಕಿಲ್ಲ. ಇನ್ನಷ್ಟು ಓದುತ್ತೇನೆ ಎಂದು ವಿದ್ಯಾರ್ಥಿ ವೀಸಾ ಕೇಳಿದರೆ ಈ ನಿಯಮದ ಅಡ್ಡಿಯಿಲ್ಲ. ಕಲಿತದ್ದರಲ್ಲಿ ದುಡಿಯುತ್ತೇನೆ ಎಂದರೆ ಮಾತ್ರ ಅತ್ತೆ ಅಗಳಿ ಹಾಕುತ್ತಾಳೆ.

ಆಷಾಢ ತಪ್ಪಿಸಿಕೊಳ್ಳಲು ಐದು ದಾರಿಗಳಿವೆ. ಒಂದರಲ್ಲಿ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆದ ಹೆಂಡತಿಗೋ ಮಗುವಿಗೋ ಅಸಾಧಾರಣ ಕಷ್ಟವಾಗುತ್ತದೆಂದು ಸಾಬೀತು ಮಾಡಬೇಕು. ಅರ್ಜಿದಾರನ ಸ್ವಂತ ಕಷ್ಟವನ್ನು ಕಷ್ಟವೆಂದು ಗಣಿಸುವುದಿಲ್ಲ. ಗಂಡಸರಿಗೆ ಈ ಮಾತು ಮದುವೆಯಾದ ದಿನದಿಂದಲೇ ಗೊತ್ತು. ಇನ್ನೊಂದು ದಾರಿ, ತವರಿನಿಂದಲೇ ಚೀಟಿ ತರುವುದು: 'ನಮ್ಮ ಮಗಳು ಮನೆಗೆ ಬಾರದಿದ್ದರೂ ನಮ್ಮ ತಕರಾರಿಲ್ಲ.'

ಸೋದರಳಿಯ ಜೀವವಿಜ್ಞಾನಿ. ಈ ಚೀಟಿಗಾಗಿ ಭಾವನವರು ದೆಹಲಿಯಲ್ಲಿ ಒಂದು, ರಾಜ್ಯದಲ್ಲಿ ಎರಡು ಕಚೇರಿಗಳ ಒಪ್ಪಿಗೆ ತರಬೇಕಾಯಿತು. ಒಂದು ಕಚೇರಿಯ ಗುಮಾಸ್ತರು, ಯಾವ ಕಚೇರಿ ಎಂದು ಹೇಳಲಾರೆ, ಕನ್ನಡಕ ಹಣೆಗೇರಿಸಿ ಕೇಳಿದರಂತೆ: 'ಮಗ ಬರುವುದಿಲ್ಲ ಎನ್ನುವುದಕ್ಕೆ ನಮ್ಮ ಅಪ್ಪಣೆ ಯಾಕೆ ಸಾರ್? ಹೋದವರು ಯಾರು ಕೇಳಿಕೊಂಡು ನಿಂತಿದ್ದಾರೆ?' ಇಡೀ ಪ್ರಕರಣದಲ್ಲಿ ನಾನು ಕೇಳಿದ ಒಂದೇ ವಿವೇಕದ ಮಾತು ಇದು. ಅವರೇ ಮರುದಿನ, ಹಿಂದಿನ ದಿನ ಕೊಟ್ಟ ಅಫಿಡವಿಟ್ಟಿನಲ್ಲಿ ತಂದೆಯ ಹೆಸರಿನ ಇನಿಷಿಯಲ್ ಹಿಂದುಮುಂದಾಗಿದೆ ಎಂದು ಫೈಲನ್ನು ವಾಪಸು ಮಾಡಿದರು.

ಚೀಟಿ ಬಂತು, 120 ಡಾಲರ್ ಕಟ್ಟಿದ್ದಾಯಿತು, ಆಷಾಢ ಮನ್ನಾ ಆಯಿತು. ಮುಂದೆ 2024ರ ಡಿಸೆಂಬರ್ 9ರಂದು ಅಮೆರಿಕ ಬೇಕಾದ ವಿದ್ಯೆಗಳ ಪಟ್ಟಿಯನ್ನು ತಿದ್ದಿ ಭಾರತವನ್ನೇ ಅದರಿಂದ ತೆಗೆದುಹಾಕಿತು. ಹಿಂದೆ ಆ ಪಟ್ಟಿಯ ದೆಸೆಯಿಂದ ಸಿಕ್ಕಿಬಿದ್ದಿದ್ದವರಿಗೂ ಬಿಡುಗಡೆ. 2009ರ ಪಟ್ಟಿಯ ಪ್ರಕಾರ ದೇಶಕ್ಕೆ ಅತ್ಯಗತ್ಯವಾಗಿದ್ದ ವಿದ್ಯೆಗಳು ಒಂದು ರಾತ್ರಿಯಲ್ಲಿ ಅಗತ್ಯವಿಲ್ಲದವಾದವು. ಭಾವನವರು ಸುದ್ದಿ ಓದಿ ಪತ್ರಿಕೆಯನ್ನು ಮಡಚಿಟ್ಟು, ಸವೆದ ಚಪ್ಪಲಿಯ ಕಡೆಗೊಮ್ಮೆ ನೋಡಿದರು.

ವೈದ್ಯರಿಗೆ ಈ ಭಾಗ್ಯವಿಲ್ಲ. ತರಬೇತಿಗೆ ಹೋದ ವೈದ್ಯರು ತವರಿನ ಚೀಟಿ ತಂದರೂ ಅಮೆರಿಕದ ಕಾನೂನು ಮುಟ್ಟುವುದಿಲ್ಲ. ಆದರೂ 2011ರಲ್ಲಿ ನಮ್ಮ ಆರೋಗ್ಯ ಸಚಿವಾಲಯ, 65 ವರ್ಷ ದಾಟಿದವರನ್ನು ಬಿಟ್ಟು ಬೇರೆ ವೈದ್ಯರಿಗೆ ಚೀಟಿ ಕೊಡುವುದಿಲ್ಲವೆಂದು ನಿರ್ಧರಿಸಿತು. ಬೀಗ ಹಾಕಿದ ಬಾಗಿಲಿಗೆ ನಮ್ಮ ಕಡೆಯಿಂದಲೂ ಒಂದು ಬೀಗ. ಪ್ರತಿಭಾ ಪಲಾಯನಕ್ಕೆ ತಡೆ ಬಿತ್ತು ಎಂದು ನಾವು ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ವೈದ್ಯರು ಕಿಟಕಿಯಿಂದ ಹೋಗಿಯಾಗಿತ್ತು.

ಕಿಟಕಿ ಇಟ್ಟವರು ಉತ್ತರ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್, 1994ರಲ್ಲಿ. ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ದುಡಿದರೆ ಆಷಾಢ ಮಾಫಿ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಮಂದಿ. ನಮ್ಮ ಕರ್ನಾಟಕದಲ್ಲೂ 2012ರಲ್ಲಿ ಕಾಯ್ದೆಯೊಂದು ಬಂತು, ವೈದ್ಯಪದವಿ ಮುಗಿಸಿದವರು ಒಂದು ವರ್ಷ ಕಡ್ಡಾಯ ಸರ್ಕಾರಿ ಸೇವೆ ಮಾಡಬೇಕೆಂದು. ಅದರ ವಿರುದ್ಧ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ರಾಯಚೂರಿನ ಹಳ್ಳಿಗೆ ಒಂದು ವರ್ಷ ಹೋಗಲಾರೆವೆಂದು ವಕೀಲರನ್ನು ಹಿಡಿಯುವ ನಾವು, ಕನ್ಸಾಸ್‌ನ ಹಳ್ಳಿಗೆ ಮೂರು ವರ್ಷ ಹೋಗುತ್ತೇವೆಂದೂ ವಕೀಲರನ್ನೇ ಹಿಡಿಯುತ್ತೇವೆ. ಗ್ರಾಮಸೇವೆಯ ಹಂಬಲ ಇಲ್ಲವೆಂದು ಯಾರು ಹೇಳಿದರು?

ಹುಡುಗಿಯನ್ನು ಬೈಯಲಾರೆ. ಗೋಧಿ ಹೊಲಗಳ ನಡುವಿನ ಆ ಊರಿನಲ್ಲಿ ಅವಳಿಗೆ ನರ್ಸ್ ಇದ್ದಾರೆ, ಎಕ್ಸ್‌ರೇ ಇದೆ, ತಿಂಗಳಿಗೆ ಸರಿಯಾಗಿ ಸಂಬಳವಿದೆ. ನನಗೆ ಸಿಟ್ಟು ಬರುವುದು ಬೀರುವಿನ ಆ ಕಾಗದದ ಮೇಲೆ. ಬೇಕು ಎಂದು ಬರೆದರು. ಎಲ್ಲಿ ಬೇಕು, ಯಾವ ಆಸ್ಪತ್ರೆಗೆ ಬೇಕು, ಬಂದರೆ ಏನು ಕೊಡುತ್ತೇವೆ, ಒಂದನ್ನೂ ಬರೆಯಲಿಲ್ಲ. ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ಬರೆದುಕೊಟ್ಟವರಿಗೂ ಬರೆಸಿಕೊಂಡವರಿಗೂ ಸುಳ್ಳೆಂದು ಗೊತ್ತಿದ್ದ ಮಾತಿಗೆ ಇಪ್ಪತ್ತಾರು ವರ್ಷದ ಹುಡುಗಿಯ ಸಹಿ ಹಾಕಿಸಿದರು, ಅಷ್ಟೆ.

ಅಕ್ಕನಿಗೆ ಮೊಣಕಾಲು ನೋವು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದಳೆಂದರೆ ಸೋಫಾದ ಮೇಲೆ ಕಾಲು ನೀಡಿಕೊಂಡು, ಮೊಬೈಲ್ ಮಡಿಲಲ್ಲಿಟ್ಟುಕೊಂಡು ಸಂಜೆ ಐದೂವರೆಗೆ ಕಾಯುತ್ತಾಳೆ. ಆಗ ಕನ್ಸಾಸ್‌ನಲ್ಲಿ ಬೆಳಗಿನ ಏಳು. ಮಗಳು ಡ್ಯೂಟಿಗೆ ಹೊರಡುವ ಮೊದಲು ವಿಡಿಯೊದಲ್ಲಿ ಕಾಲು ನೋಡಿ, ಮೈಸೂರಿನಲ್ಲಿ ಯಾರಿಗಾದರೂ ತೋರಿಸು ಎನ್ನುತ್ತಾಳೆ.