ಯಾರ ಮನೆ ರೊಟ್ಟಿ ಯಾರಿಗೋ
ಕೂಡಿ ಬಾಳೋದನ್ನು ಚಿಕ್ಕ ಮಕ್ಕಳಿಗೆ ಕಥೆ ಹೇಳಿ ಕಲಿಸಬೇಕು ಅಂತ ಕೆಲವರು ಬರೆಯುತ್ತಾರೆ. ಕಥೆ ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಕೊಪ್ಪಳದ ಕಡೆ ಮಕ್ಕಳು ಇದನ್ನು ಜಾಸ್ತಿ ಕಲಿಯೋದು ಗವಿಮಠದ ಜಾತ್ರೆ ಹತ್ತಿರ ಬಂದಾಗ. ದಾಸೋಹಕ್ಕೆ ಅಂತ ಊರೂರಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ನಮ್ಮ ಓಣಿಯಲ್ಲಿ ನಾಲ್ಕೈದು ಮನೆಯವರು ಒಂದೇ ಕಡೆ ಒಲೆ ಹೂಡುತ್ತೇವೆ. ಒಬ್ಬರು ಹಿಟ್ಟು ನಾದುತ್ತಾರೆ, ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಬೇಯಿಸುತ್ತಾರೆ. ಖಡಕ್ ಆದ ರೊಟ್ಟಿ ಎಣಿಸಿ ಜೋಡಿಸೋದು ಮಕ್ಕಳ ಕೆಲಸ.

ಆರು ವರ್ಷದ ನನ್ನ ಮೊಮ್ಮಗಳು "ಅಜ್ಜಿ, ಇದರಾಗ ನಮ್ಮ ರೊಟ್ಟಿ ಯಾವುದು?" ಅಂತ ಕೇಳಿದಳು. ಎಲ್ಲಾ ಕೂಡಿಹೋಗಿತ್ತು, ಗುರುತು ಎಲ್ಲಿ ಸಿಗಬೇಕು! ಟ್ರ್ಯಾಕ್ಟರ್ ತುಂಬಿ ಮಠಕ್ಕೆ ಹೋಯಿತು. ಜಾತ್ರೆಯಲ್ಲಿ ಪಂಕ್ತಿಗೆ ಕೂತು ಯಾವ ಊರಿನದೋ ರೊಟ್ಟಿ ತಿಂದಳು. "ನಮ್ಮದನ್ನ ಬ್ಯಾರೆ ಯಾರೋ ತಿಂತಾರ, ಅಲ್ವಾ?" ಅಂತ ತಾನೇ ಹೇಳಿದಳು. ನನ್ನ ಕಣ್ಣು ತುಂಬಿತು.

2019ರಲ್ಲಿ ನಮ್ಮ ಕಡೆ ಹರಿಯೋ ಹಿರೇಹಳ್ಳ ಸ್ವಚ್ಛ ಮಾಡುವಾಗಲೂ ನಮ್ಮ ಜನ ಹೀಗೇ ಕೈ ಜೋಡಿಸಿದ್ದರು. ಶಾಲೆಯಲ್ಲಿ ಮಾತ್ರ ಸುಮ್ನೆ ಮೊದಲ ನಂಬರ್‌ಗೆ ಓಡಿಸುತ್ತಾರೆ, ಅದೇ ನನಗೆ ಬೇಸರ. ಟೀಚರಮ್ಮಂದಿರೇ, ವಾರಕ್ಕೊಂದು ದಿನ ಎಲ್ಲರ ಬುತ್ತಿ ಒಂದೇ ಕಡೆ ಬಿಚ್ಚಿಸಿ, ಮಕ್ಕಳ ಕೈಯಿಂದಲೇ ಬಡಿಸಿಸಿ ನೋಡಿ.