ಒಂದು ಗಂಟೆಯ ಭಾಷಣಕ್ಕೆ ಸುಳ್ಳು ಸುದ್ದಿ ಜಗ್ಗುವುದಿಲ್ಲ

ಸುಳ್ಳು ಸುದ್ದಿ ಬಗ್ಗೆ ಜಾಗೃತಿ ಅಂದರೆ ನಮ್ಮಲ್ಲಿ ನಡೆಯುವುದು ಇಷ್ಟೇ: ಕಾಲೇಜಿನಲ್ಲಿ ಒಂದು ಕಾರ್ಯಕ್ರಮ, ಹಿಂದೆ ಬ್ಯಾನರ್, ಒಂದು ಗಂಟೆ ಭಾಷಣ, ಕೊನೆಗೆ ಗ್ರೂಪ್ ಫೋಟೋ. ಇದರಿಂದ ಏನೂ ಆಗುವುದಿಲ್ಲ ಅಂತ ಸುಮ್ನೆ ಹೇಳುತ್ತಿಲ್ಲ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ ಜನರಿಗೆ ಹೆಚ್ಚುಕಡಿಮೆ ಒಂದು ಗಂಟೆ ತರಬೇತಿ ಕೊಡಿಸಿ ನೋಡಿದರು. ತರಬೇತಿ ಪಡೆದವರಿಗೂ ಪಡೆಯದವರಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಅವರು ಮತ್ತು ಅವರ ಜೊತೆಗಾರರು ಅದೇ ಬಿಹಾರದಲ್ಲಿ ಬೇರೆ ದಾರಿ ಹಿಡಿದರು. ಹಳ್ಳಿಗಳ ಗ್ರಂಥಾಲಯಗಳಲ್ಲಿ ಸುಮಾರು 13,500 ಹೈಸ್ಕೂಲು, ಪಿಯು ವಯಸ್ಸಿನ ಮಕ್ಕಳನ್ನು ಸೇರಿಸಿಕೊಂಡರು. ಅರ್ಧದಷ್ಟು ಮಕ್ಕಳಿಗೆ 14 ವಾರಗಳಲ್ಲಿ ನಾಲ್ಕು ಪಾಠ. ಈ ಸಲ ಫಲ ಸಿಕ್ಕಿತು. ತಿಂಗಳುಗಳ ನಂತರವೂ ಮಕ್ಕಳು ನಿಜ ಯಾವುದು, ಸುಳ್ಳು ಯಾವುದು ಅಂತ ಬೇರೆ ಮಾಡುತ್ತಿದ್ದರು. ಹೆಚ್ಚಿನದೆಂದರೆ, ಪಾಠಕ್ಕೆ ಬಾರದ ಅಪ್ಪ ಅಮ್ಮಂದಿರಲ್ಲೂ ಬದಲಾವಣೆ ಕಂಡಿತು.

ಇದು ನಮಗೆ ಯಾಕೆ ಬೇಕು ಅಂತೀರಾ? ಬೀದರ್ ಜಿಲ್ಲೆಯ ಮುರ್ಕಿ ನೆನಪಿದೆಯಾ? 2018ರ ಜುಲೈ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಅವರ ಕಾರಿಗಿಂತ ಮೊದಲೇ ಮೆಸೇಜು ಮುರ್ಕಿ ತಲುಪಿ, ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಎಂಜಿನಿಯರ್ ಅಲ್ಲೇ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರನನ್ನೂ ಹೀಗೇ ಕೊಂದಿದ್ದರು.

ಆ ದಿನಗಳಲ್ಲಿ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಪಾಕಿಸ್ತಾನದ ಕರಾಚಿಯದು. ಮಕ್ಕಳನ್ನು ಜೋಪಾನ ಮಾಡಿ ಅಂತ ಹೇಳಲು ತೆಗೆದ ಜಾಹೀರಾತು! ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುತ್ತಾರೆ. ಅಷ್ಟು ಭಾಗ ಕತ್ತರಿಸಿದ್ದರು. ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇಕಾ? ಕತ್ತರಿಸಿದ್ದನ್ನು ಮೊದಲು ತೋರಿಸಿ, ಅನಿಸಿದ್ದನ್ನು ಬರೆಸಿ, ಆಮೇಲೆ ಪೂರ್ತಿ ತೋರಿಸಿ.

ವಾಟ್ಸಾಪ್ ಆ ವರ್ಷವೇ ನಮ್ಮ ದೇಶದಲ್ಲಿ ಫಾರ್ವರ್ಡ್ ಮಾಡುವುದನ್ನು ಐದು ಚಾಟ್‌ಗೆ ಇಳಿಸಿತು. ಇರಲಿ, ಒಳ್ಳೆಯದೇ. ಆದರೆ ಐದು ಗ್ರೂಪು ಸಾಕು ಒಂದು ಊರಿಗೆ.

ಕಲಿಸುವಾಗ ಫೋಟೋ ಮೂಲ ಹುಡುಕುವ ಟೂಲುಗಳಿಗೆ ಜಾಸ್ತಿ ಹೊತ್ತು ಕೊಡುತ್ತಾರೆ. ನನಗೆ ಕಷ್ಟ ಅನಿಸುವುದು ಬೇರೆ. ದೊಡ್ಡಪ್ಪ ಕಳಿಸಿದ್ದು ಸುಳ್ಳು ಅಂತ ಹುಡುಗಿಗೆ ಗೊತ್ತಾಯಿತು, ಸರಿ. ಎಲ್ಲರೂ ಇರುವ ಗ್ರೂಪಿನಲ್ಲಿ ಹೇಳುವುದು ಹೇಗೆ? ಹೇಳಿದರೆ "ನಾಲ್ಕಕ್ಷರ ಕಲಿತ ಕೂಡಲೇ ನಮಗೇ ಬುದ್ಧಿ ಹೇಳ್ತೀಯಾ" ಅಂತಾರೆ. ದೊಡ್ಡಪ್ಪನಿಗೆ ಬೇರೆಯಾಗಿ ಫೋನ್ ಮಾಡಿ, "ಇದು ನಮ್ಮೂರಿನದಲ್ಲವಂತೆ ದೊಡ್ಡಪ್ಪ, ನೀವೇ ನೋಡಿ" ಅನ್ನುವುದನ್ನೂ ಕಲಿಸಬೇಕಲ್ವಾ?

ಬಿಹಾರಕ್ಕೆ ಗ್ರಂಥಾಲಯ ಸಿಕ್ಕಿತು. ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಅರಿವು ಕೇಂದ್ರ ಅನ್ನುವ ಗ್ರಂಥಾಲಯಗಳು ಆಗಲೇ ಇವೆ, ಮಕ್ಕಳೂ ಬರುತ್ತಾರೆ. ಅಲ್ಲೇ ಶುರುಮಾಡಬಹುದು. ಆದರೆ ಗೌರವಧನದ ವಿಷಯಕ್ಕೇ ಹೋರಾಡಿ ಸುಸ್ತಾದ ಅಲ್ಲಿನ ಮೇಲ್ವಿಚಾರಕರ ತಲೆ ಮೇಲೆ ಇದನ್ನೂ ಹೇರಬೇಡಿ. ಪಾಠಕ್ಕೆ ಅಂತಲೇ ತರಬೇತಿ ಪಡೆದವರನ್ನು ಕಳಿಸಿ, ಅವರಿಗೆ ಸರಿಯಾದ ಸಂಬಳ ಕೊಡಿ.