ಸ್ಪಷ್ಟನೆ: ಕ್ಯಾಲಿಫೋರ್ನಿಯಾದ ಕಂಟ್ರೋಲರ್ ಬಜೆಟ್ ಮಾಡುವವರಲ್ಲ

ಕ್ಯಾಲಿಫೋರ್ನಿಯಾದ ಸ್ಟೇಟ್ ಕಂಟ್ರೋಲರ್ (ರಾಜ್ಯದ ಲೆಕ್ಕ ನೋಡುವ ಅಧಿಕಾರಿ) ಅವರನ್ನು ಗವರ್ನರ್ ನೇಮಿಸುತ್ತಾರೆ, ಬಜೆಟ್ ಮಾಡುವುದೂ ಕಂಟ್ರೋಲರ್ ಅವರೇ ಎಂದು ನಾನು ನಿನ್ನೆ ಬೇ ಏರಿಯಾ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬರೆದದ್ದು ತಪ್ಪು. ಕ್ಷಮಿಸಿ. ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ.

ಕಂಟ್ರೋಲರ್ ಅವರನ್ನು ಮತದಾರರೇ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. 2022ರಲ್ಲಿ ಮಾಲಿಯಾ ಕೋಹೆನ್ ಗೆದ್ದದ್ದು ಹಾಗೆಯೇ. ರಾಜ್ಯ ಸಂವಿಧಾನದ ಪ್ರಕಾರ ಬಜೆಟ್ ಮುಂದಿಡುವವರು ಗವರ್ನರ್, ಜೂನ್ 15ರೊಳಗೆ ಅಂಗೀಕರಿಸಬೇಕಾದದ್ದು ಶಾಸಕಾಂಗ. ಕಂಟ್ರೋಲರ್ ರಾಜ್ಯದ ಲೆಕ್ಕ ಇಡುತ್ತಾರೆ, ಪಾವತಿ ಮಾಡುತ್ತಾರೆ, ಆಡಿಟ್ ನಡೆಸುತ್ತಾರೆ. ನಮಗೆ ನೇರವಾಗಿ ಬೇಕಾದದ್ದು ಇನ್ನೊಂದಿದೆ: ಮರೆತುಹೋದ ಬ್ಯಾಂಕ್ ಖಾತೆ, ನಗದಾಗದ ಚೆಕ್‌ಗಳ ವಾರಸುದಾರರಿಲ್ಲದ ಹಣವೂ ಅವರ ಕಚೇರಿಯಲ್ಲೇ ಇರುತ್ತದೆ. ಅದನ್ನು ಹುಡುಕಲು, ಮರಳಿ ಕೇಳಲು ಆ ಕಚೇರಿಗೆ ಒಂದು ಪೈಸೆ ಶುಲ್ಕವೂ ಕೊಡಬೇಕಿಲ್ಲ.